ಕೈಗುಣ

ಚೀಂಯ್, ಚೀಂಯ್, ಒರೆಸಿದ ನೆಲದ ಮೇಲೆ ರಬ್ಬರ್ ಚಪ್ಪಲಿ — ತಿರುಗಿ ನೋಡಬೇಕಾಗಿಲ್ಲ, ಬೆಗಿಮಾಯಳದೇ, ಉಳಿದ ನರ್ಸುಗಳೆಲ್ಲ ಕಾಲೆಳೆದು ನಡೆಯುವವರು, ಇವಳೊಬ್ಬಳು ಮಾತ್ರ ಮದುವೆಮನೆಯಲ್ಲಿ ಚಹಾ ಹಂಚುವ ಹೊಸ ಸೊಸೆಯ ಹಾಗೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಾಳೆ, ಇವತ್ತಂತೂ ಇನ್ನಷ್ಟು ಎತ್ತಿ, ಯಾಕೆಂದರೆ ಹಿಂದೆ ಸಾಯ್ಕಲ್ ಎಂಬ ಹೆಸರಿನವಳು ಬರುತ್ತಿದ್ದಾಳೆ, ರಾಜಧಾನಿ ಬಿಷ್ಕೆಕ್‌ನಿಂದ ಯೋಜನೆಯ ಪರವಾಗಿ ನರ್ಸುಗಳಿಗೆ ತರಬೇತಿ ಕೊಡಲು ಬಂದವಳು, ಕೊರಳಿಗೆ ಪೆನ್ನು ನೇತುಹಾಕಿಕೊಂಡವಳು, ಅವಳ ಹಿಂದೆ ಮಿಕ್ಕ ನರ್ಸುಗಳು, ಕುರಿಮಂದೆಯ ಹಾಗೆ, ಒಬ್ಬಳ ಬೆನ್ನಿಗೆ ಒಬ್ಬಳು ಮೂಗು ತಾಗಿಸಿಕೊಂಡು. ಊಲ್ಕಾನ್ ನಾಲ್ಕನೇ ಕೋಣೆಯ ಬಾಗಿಲಿಗೆ ಭುಜ ಒರಗಿಸಿ ನಿಂತಿದ್ದಾಳೆ, ದಾರಿ ಬಿಡಬೇಕು, ಬಿಟ್ಟಳು, ಪೂರ್ತಿ ಅಲ್ಲ, ಟ್ರೇ ಹಿಡಿದವಳು ಸ್ವಲ್ಪ ಓರೆಯಾಗಿಯೇ ಒಳಗೆ ಹೋಗಲಿ. ಸ್ವಲ್ಪ ಜಾಗ ಎಜೆ, ಎಂದಳು ಬೆಗಿಮಾಯ್. ಎಜೆಯಂತೆ, ಅಕ್ಕನಂತೆ, ಎಷ್ಟು ಜೇನು ಸುರಿಯುತ್ತದೆ ಆ ಬಾಯಲ್ಲಿ. ಟ್ರೇ ಮೇಲೆ ಸ್ಪಿರಿಟ್ ಹತ್ತಿ ಎಡಕ್ಕೆ, ಸೂಜಿ ಬಲಕ್ಕೆ, ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ನಡುವೆ — ಇದು ಯಾರ ಓರಣ? ಊಲ್ಕಾನಳ ಓರಣ, ಈ ವಾರ್ಡಿನಲ್ಲಿ ಬೇರೆ ಯಾರಿಗೂ ಇಲ್ಲದ ಓರಣ, ಕದ್ದದ್ದೂ ಅಲ್ಲ, ತಾನೇ ಕೈ ಹಿಡಿದು ಕೊಟ್ಟದ್ದು, ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲವಲ್ಲ, ಅದೇ ಹೊಟ್ಟೆಯಲ್ಲಿ ಉರಿ. ಮಧ್ಯಾಹ್ನದೊಳಗೆ ಒಬ್ಬಳ ಹೆಸರು ಗೊತ್ತಾಗುತ್ತದೆ, ಯೋಜನೆಯವರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಮೇಲೆ ಈ ಆಸ್ಪತ್ರೆಯ ನರ್ಸುಗಳಿಗೆಲ್ಲ ಪಾಠ ಹೇಳುವವಳು, ಗುರು ನರ್ಸು, ಒಬ್ಬಳೇ ಒಬ್ಬಳು. ಹಿರಿಯ ನರ್ಸು ಊಲ್ಕಾನ್ ಇಲ್ಲಿ ಕಂಬದ ಹಾಗೆ ನಿಂತಿರುವಾಗ ಹುಡುಕುವ ಮಾತಾದರೂ ಯಾಕೆ ಬಂತು? ಬಂದಿದೆ. ಪರೀಕ್ಷೆ ಇಟ್ಟಿದ್ದಾರೆ. ಒಬ್ಬೊಬ್ಬಳೂ ಒಬ್ಬ ರೋಗಿಗೆ ಔಷಧಿ ಕೊಡಬೇಕಂತೆ, ಸಾಯ್ಕಲ್ ಪಕ್ಕದಲ್ಲಿ ನಿಂತು ನೋಡುತ್ತಾಳಂತೆ, ಮೊಮ್ಮಗನನ್ನು ಕಂಡ ಹೆಂಗಸು ಸೂಜಿ ಹಿಡಿಯುವುದನ್ನು ಮೊನ್ನೆ ಕಾಲೇಜು ಬಿಟ್ಟ ಹುಡುಗಿ ಪರೀಕ್ಷೆ ಮಾಡುತ್ತಾಳಂತೆ.

ಬೆಗಿಮಾಯಳ ಆ ಕೈ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೇಗೆ ನಡುಗುತ್ತಿತ್ತು, ಈಗ ಟ್ರೇ ಮೇಲೆ ಒಂದು ಲೋಟ ನೀರಿಟ್ಟರೂ ತುಳುಕುವುದಿಲ್ಲ, ಆಗ ಸೂಜಿ ಹಿಡಿದರೆ ಗಾಳಿಗೆ ಸಿಕ್ಕ ಹುಲ್ಲುಕಡ್ಡಿ, ಮೂರು ಜನ ರೋಗಿಗಳು ಬೈದು ಕಳಿಸಿದ್ದರು, ಬೆಗಿಮಾಯ್ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಅಳುತ್ತಿದ್ದಳು, ನನಗೆ ಈ ಕೆಲಸ ಬರಲ್ಲ ಎಜೆ, ನಾನು ಅಂಗಡೀಲಿ ಕೂತ್ಕೋತೀನಿ. ಅಂಗಡಿಗೆ ಕಳಿಸಿಬಿಡಬೇಕಿತ್ತು. ಊಲ್ಕಾನ್ ತನ್ನ ತಲೆವಸ್ತ್ರ ಬಿಚ್ಚಿ ಅವಳ ಕಣ್ಣಿಗೆ ಕಟ್ಟಿದಳು, ತನ್ನದೇ ತೋಳು ಮುಂದೆ ಮಾಡಿದಳು, ನೋಡಬೇಡ ಹುಡುಗಿ, ಮುಟ್ಟು, ಕಣ್ಣು ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ, ನರ ಅನ್ನೋದು ಹಿಟ್ಟಿನ ಕೆಳಗೆ ಇಟ್ಟ ದಾರ ಇದ್ದ ಹಾಗೆ, ಒತ್ತಿದರೆ ತಪ್ಪಿಸಿಕೊಳ್ಳುತ್ತೆ, ಸವರಿದರೆ ಸಿಗುತ್ತೆ. ಆ ಚಳಿಗಾಲವಿಡೀ ಮೊಣಕೈ ಒಳಗಡೆ ನೀಲಿಗಟ್ಟಿತ್ತು, ಗಂಡ ಕೇಳಿದ್ದ, ಯಾರೇ ನಿನ್ನ ಹೊಡೆದೋರು, ಶಿಷ್ಯೆ ಎಂದಿದ್ದಳು ನಗುತ್ತಾ, ಹೆಮ್ಮೆಯಿಂದ, ಹೌದು, ಹೆಮ್ಮೆಯೇ, ಥೂ. ಆಗ ಊರಿನವರು ಆಸ್ಪತ್ರೆಗೆ ಬಂದರೆ ಡಾಕ್ಟರ್ ಇದ್ದಾರಾ ಎಂದು ಕೇಳುತ್ತಿರಲಿಲ್ಲ, ಊಲ್ಕಾನ್ ಇದ್ದಾಳಾ ಎನ್ನುತ್ತಿದ್ದರು, ಅವಳ ಕೈಗುಣ ಒಳ್ಳೇದು, ಮಗು ಅಳೋದೇ ಇಲ್ಲ, ಬಟ್ಟಲು ತುಂಬ ಕೆನೆ ತಂದುಕೊಡುತ್ತಿದ್ದರು, ಕುದುರೆ ಹಾಲು ತರುತ್ತಿದ್ದರು. ಕೆನೆ ಈಗಲೂ ಬರುತ್ತದೆ, ಬೇರೆ ಬಾಗಿಲಿಗೆ. ಹೋದ ಚಳಿಗಾಲ ಅತ್ತೆಗೆ ಎದೆ ಕಟ್ಟಿಕೊಂಡು ಇದೇ ಕಾರಿಡಾರಿನಲ್ಲಿ ಹೊತ್ತುಕೊಂಡು ಬಂದರು, ಊಲ್ಕಾನ್ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಎತ್ತಿದಳು, ಸ್ವಂತ ಅತ್ತೆ, ಇಷ್ಟು ವರ್ಷ ಊಟ ಬಡಿಸಿದ ಅತ್ತೆ, ಕಣ್ಣು ತೆರೆದು ಹೇಳಿದಳು, ನೀನು ಬೇಡ ಕಣೇ, ಆ ಇನ್ನೊಬ್ಬಳು ನರ್ಸು ಇದ್ದಾಳಲ್ಲ, ನಗುಮುಖದೋಳು, ಅವಳನ್ನ ಕರಿ, ಅವಳ ಕೈಗುಣ ಚೆನ್ನಾಗಿದೆಯಂತೆ. ಕರೆದಳು. ಹೋಗಿ ಕರೆದುಕೊಂಡು ಬಂದಳು. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವ ಬಿಷ್ಕೆಕ್‌ನವಳು ಇಡಬಲ್ಲಳು.

ಬೆಗಿಮಾಯ್ ಟ್ರೇಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು, ಸದ್ದಿಲ್ಲದೆ, ಇದೂ ಯೋಜನೆಯ ಪಾಠವಿರಬೇಕು, ಏನೇನು ಪಾಠಗಳು, ಹದಿನೈದು ದಿನದಿಂದ ಸಭಾಕೋಣೆಯಲ್ಲಿ ಒಂದೇ ಗಲಾಟೆ. ಮೊದಲ ದಿನ ರಬ್ಬರ್ ಬೊಂಬೆ, ಸೊಂಟದವರೆಗೆ ಮಾತ್ರ ಗಂಡಸು, ಕೆಳಗೆ ಏನೂ ಇಲ್ಲ, ಇದರ ಎದೆ ಒತ್ತಿ, ಬಾಯಿಗೆ ಉಸಿರು ಕೊಡಿ ಎಂದಳು ಸಾಯ್ಕಲ್, ಅರ್ಧ ಗಂಡಸಿಗೆ ಉಸಿರು ಕೊಡೋದು ನಮಗೆ ಮನೇಲೇ ಅಭ್ಯಾಸ ಆಗಿದೆ ಕಣಮ್ಮ, ಎಂದಳು ಊಲ್ಕಾನ್ ಹಿಂದಿನ ಸಾಲಿನಿಂದ, ಕೋಣೆಗೆ ಕೋಣೆಯೇ ನಕ್ಕಿತ್ತು, ಆ ನಗು ತನ್ನದಾಗಿತ್ತು, ಅಷ್ಟರಲ್ಲಿ ಬೆಗಿಮಾಯ್ ಎದ್ದು ಮಂಡಿಯೂರಿ ಒತ್ತತೊಡಗಿದಳು, ಬೆವರು ಇಳಿಯುವವರೆಗೆ, ಬೊಂಬೆಯ ಎದೆಯಲ್ಲಿ ಹಸಿರು ದೀಪ ಹತ್ತುವವರೆಗೆ, ಎಲ್ಲರೂ ಚಪ್ಪಾಳೆ ತಟ್ಟಿದರು, ನಗು ಎಲ್ಲಿ ಹೋಯಿತೋ. ಆಮೇಲೆ ಮುಖಗಳ ಹಾಳೆ, ನಗುವ ಮುಖ, ಸಪ್ಪೆ ಮುಖ, ಅಳುವ ಮುಖ, ಇವತ್ತು ನಿಮ್ಮ ಮನಸ್ಸು ಯಾವುದು ಗುರುತು ಹಾಕಿ, ಊಲ್ಕಾನ್ ದಿನಾ ನೋಡದೆಯೇ ನಗುವ ಮುಖಕ್ಕೆ ಗೀಟು ಎಳೆದಳು, ಬೆಗಿಮಾಯ್ ಒಂದು ದಿನ ಅಳುವ ಮುಖಕ್ಕೆ ಹಾಕಿ ನಿಜವಾಗಿಯೂ ಅತ್ತುಬಿಟ್ಟಳು, ಯಾಕೋ ಸುಸ್ತಾಗಿದೆ ಎಂದಳು, ಅದಕ್ಕೂ ಸಾಯ್ಕಲ್ ತಬ್ಬಿಕೊಂಡಳು, ಎಷ್ಟು ಧೈರ್ಯ ಬೇಕು ಇದಕ್ಕೆ ನೋಡಿ ಎಂದಳು, ಸುಸ್ತಾಗಿದೆ ಅನ್ನುವುದಕ್ಕೆ ಧೈರ್ಯವಂತೆ, ಹಾಗಾದರೆ ಸುಸ್ತಾಗಿಯೂ ಸುಮ್ಮನಿದ್ದವರಿಗೆ ಏನನ್ನುತ್ತಾರೆ? ಇನ್ನೊಂದು ದಿನ ಒಂದು ವಾಕ್ಯ ಬಾಯಿಪಾಠ ಮಾಡಿಸಿದಳು, ಏನೋ ತಪ್ಪಾಗುತ್ತಿದೆ ಅನ್ನಿಸಿದರೆ ಡಾಕ್ಟರಿರಲಿ, ಹಿರಿಯರಿರಲಿ, ಸುಮ್ಮನಿರಬೇಡಿ, ನನಗೆ ಯಾಕೋ ಭಯ ಆಗ್ತಿದೆ ಅಂತ ಜೋರಾಗಿ ಹೇಳಿ, ಎಲ್ಲಿ, ಒಟ್ಟಿಗೆ. ಕೋಣೆಯ ತುಂಬ ಹೆಂಗಸರು ಒಟ್ಟಿಗೆ, ನನಗೆ ಯಾಕೋ ಭಯ ಆಗ್ತಿದೆ. ಊಲ್ಕಾನ್ ಪಕ್ಕದವಳ ಕಿವಿಯಲ್ಲಿ, ಅತ್ತೆ ಮುಂದೆ ಹೇಳು ಇದನ್ನ, ನೋಡೋಣ. ಮತ್ತೆ ನಗು. ಅದೇ ದಿನ ತಾನೇ ಹೆಸರಿನ ಪಾಠವೂ, ಸೂಜಿ ಚುಚ್ಚುವ ಮೊದಲು ರೋಗಿಯ ಪೂರ್ತಿ ಹೆಸರು ಜೋರಾಗಿ ಕೇಳಿಸಬೇಕು, ಇನ್ನೂ ಏನೋ ಹೇಳಿದಳು ಅದರ ಮುಂದೆ, ಕೇಳಲಿಲ್ಲ, ಕಡುಬಿಗೆ ಎಷ್ಟು ಈರುಳ್ಳಿ ಹಾಕಬೇಕು ಎಂಬ ಮಾತು ನಡೆಯುತ್ತಿತ್ತು ಹಿಂದಿನ ಸಾಲಿನಲ್ಲಿ. ಜೋರಾಗಿ ಕೇಳಿಸಬೇಕು, ಅಷ್ಟು ಸಾಕಾಯಿತು ಊಲ್ಕಾನಳಿಗೆ. ಅಷ್ಟರಿಂದಲೇ ಹೊಳೆದದ್ದು.

ಶಾರ್ಷೆನಾಲಿ. ಮಂಚದ ಮೇಲಿನ ಮುದುಕನ ಹೆಸರು ಅದು, ಬುಧವಾರ ಹುಟ್ಟಿದ ಗಂಡುಮಗುವಿಗೆ ಇಡುವ ಹೆಸರು, ಸೇತುವೆಯಾಚೆ ಹಸಿರು ಗೇಟಿನ ಮನೆಯಲ್ಲಿರುವ ಬೆಗಿಮಾಯಳ ಮಾವನ ಹೆಸರೂ ಅದೇ. ಮಾವನ ಹೆಸರನ್ನು ಸೊಸೆ ಬಾಯಿಗೆ ತರುವುದಿಲ್ಲ, ಈಗಿನ ಪೇಟೆ ಹುಡುಗಿಯರು ತರುತ್ತಾರೆ, ನಾಚಿಕೆಗೆಟ್ಟವರು, ಬೆಗಿಮಾಯ್ ತರುವುದಿಲ್ಲ, ಎಷ್ಟರ ಮಟ್ಟಿಗೆ ಎಂದರೆ ಬುಧವಾರದ ಹೆಸರನ್ನೇ ಅವಳು ಆಡುವುದಿಲ್ಲ, ಇಲ್ಲಿಯ ಮಾತಿನಲ್ಲಿ ವಾರದ ಆ ಹೆಸರೂ ಶಾರ್ಷೆ ಎಂದೇ ಶುರುವಾಗುವುದು, ಅದರೊಳಗೂ ಮಾವ ಕೂತಿದ್ದಾನಲ್ಲ. ನರ್ಸುಗಳಿಗೆಲ್ಲ ಅದೊಂದು ಆಟ, ಬೆಗಿಮಾಯ್, ನಿನ್ನ ರಜೆ ಯಾವತ್ತು? ಮಂಗಳವಾರದ ಮಾರನೇ ದಿನ. ಯಾವತ್ತು, ಸರಿಯಾಗಿ ಹೇಳೇ? ಗುರುವಾರದ ಹಿಂದಿನ ದಿನ ಕಣ್ರೇ, ನಿಮ್ಮ ಬಾಯಿಗೆ ಹುಳ ಬೀಳ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಅವಳೂ ನಗುತ್ತಾಳೆ, ಹೇಳುವುದು ಮಾತ್ರ ಇಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ ಸಾಯ್ಕಲ್ ಕೇಳಿದಳು, ಎಜೆ, ಯಾರಿಗೆ ಯಾವ ರೋಗಿ ಅಂತ ನೀವೇ ಹೇಳಿಬಿಡಿ, ವಾರ್ಡು ನಿಮಗೇ ತಾನೇ ಗೊತ್ತಿರೋದು. ಊಲ್ಕಾನ್ ರೊಟ್ಟಿ ಮುರಿಯುತ್ತಿದ್ದಳು, ಮುರಿದದ್ದನ್ನು ಬಾಯಿಗೆ ಹಾಕಿಕೊಂಡಳು, ಅಗಿಯುತ್ತಲೇ ಹೇಳಿದಳು, ನಾಲ್ಕನೇ ಕೋಣೆ ಶಾರ್ಷೆನಾಲಿ ಅತಾ, ಆ ಅಜ್ಜ, ಬೆಗಿಮಾಯ್‌ಗೆ. ಬೆಗಿಮಾಯಳ ಚಹಾ ಬಟ್ಟಲು ತುಟಿಯ ಹತ್ತಿರ ನಿಂತಿತು. ಒಂದು ಸಲ ನೋಡಿದಳು, ಎಜೆಯನ್ನು, ನೇರವಾಗಿ, ಆ ನೋಟದಲ್ಲಿ ಸಿಟ್ಟಿದ್ದರೆ ಚೆನ್ನಾಗಿತ್ತು, ಇರಲಿಲ್ಲ, ಮರೆತು ಕೊಟ್ಟಿದ್ದೀರಾ ಎಜೆ ಎನ್ನುವ ಹಾಗಿತ್ತು, ಊಲ್ಕಾನ್ ರೊಟ್ಟಿಗೆ ಬೆಣ್ಣೆ ಸವರಿದಳು. ಆಗಲಿ ಎಜೆ. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ, ಅದೂ ಲೆಕ್ಕದಲ್ಲಿತ್ತು. ತನಗೆ ಅತಿ ಸುಲಭದ್ದು ಇಟ್ಟುಕೊಂಡಳು, ಆರನೇ ಕೋಣೆಯ ಬಾತ್ಮಾಕಾನ್ ಅಪಾ, ಆ ಅಜ್ಜಿ, ಕಿಟಕಿ ಪಕ್ಕದ ಮಂಚ, ಸಕ್ಕರೆ ಕಾಯಿಲೆ, ಊಟಕ್ಕೆ ಮೊದಲು ಇನ್ಸುಲಿನ್, ಅಷ್ಟೇ, ನಿದ್ದೆಗಣ್ಣಲ್ಲೂ ಮಾಡಬಹುದು.

ಹೇಳು. ಹೇಳು ನೋಡೋಣ, ಬಾಯಿಬಿಡು. ಬೆಗಿಮಾಯ್ ಮುದುಕನ ಮಂಚದ ಪಕ್ಕ ನಿಂತಿದ್ದಾಳೆ, ಮಂಚದ ಸರಳಿಗೆ ಅವನ ಬಿಳಿ ಉಣ್ಣೆಯ ಟೋಪಿ ಸಿಕ್ಕಿಸಿದೆ, ಅವಳ ತುಟಿ ಮುಚ್ಚಿದೆ, ಗೋಡೆಯ ಪಕ್ಕ ನಿಂತ ನರ್ಸುಗಳಿಗೂ ಈಗ ಅರ್ಥವಾಗಿದೆ, ಒಬ್ಬಳು ಕೆಮ್ಮಿದಳು, ಇನ್ನೊಬ್ಬಳು ನೆಲ ನೋಡಿದಳು, ಸಾಯ್ಕಲ್‌ಗೆ ಮಾತ್ರ ಗೊತ್ತಿಲ್ಲ, ಪೆನ್ನು ಹಿಡಿದು ಕಾಯುತ್ತಿದ್ದಾಳೆ. ಹೆಸರು ಹೇಳದಿದ್ದರೆ ಪರೀಕ್ಷೆಯಲ್ಲಿ ಬಿದ್ದಳು, ಹೇಳಿದರೆ ಸಂಜೆಯೊಳಗೆ ಸುದ್ದಿ ಸೇತುವೆ ದಾಟುತ್ತದೆ, ಮಾವನ ಹೆಸರನ್ನು ಹತ್ತು ಜನರ ಮುಂದೆ ಕೂಗಿದಳಂತೆ ಸೊಸೆ, ಎರಡರಲ್ಲಿ ಯಾವುದಾದರೂ ಸರಿ, ಯಾವುದಾದರೂ ಊಲ್ಕಾನಳಿಗೆ ಸಾಕು. ಅತಾ, ಎಂದಳು ಬೆಗಿಮಾಯ್, ನಿಮ್ಮ ಹೆಸರು ನೀವೇ ಹೇಳ್ತೀರಾ? ನಿಮ್ಮ ಬಾಯಿಂದ ಕೇಳಬೇಕು ನಾನು. ಯಾಕೆ ಮಗಳೇ, ರಾತ್ರಿ ನನ್ನನ್ನ ಬೇರೆ ಯಾರಿಗಾದರೂ ಬದಲಾಯಿಸಿಬಿಟ್ರಾ? ಹಾಗೇ ಅಂದ್ಕೊಳ್ಳಿ ಅತಾ, ಹೇಳಿ. ಶಾರ್ಷೆನಾಲಿ, ಎಂದ ಮುದುಕ, ಕೊರಳು ನೇರ ಮಾಡಿಕೊಂಡು, ಸೈನ್ಯದಲ್ಲಿ ಹೇಳುವವನ ಹಾಗೆ. ಹುಟ್ಟಿದ್ದು? ಯುದ್ಧ ಮುಗಿದ ವರ್ಷ, ಹುಲ್ಲು ಕೊಯ್ಲಿನಲ್ಲಿ, ನಮ್ಮವ್ವ ಕುಡುಗೋಲು ಕೆಳಗಿಟ್ಟು ಹೆತ್ತು ಮತ್ತೆ ಕುಡುಗೋಲು ಎತ್ತಿದಳಂತೆ. ಯಾವುದಾದರೂ ಔಷಧಿ ಮೈಗೆ ಆಗಲ್ವಾ? ಔಷಧಿ ಎಲ್ಲ ಆಗುತ್ತೆ, ಹೆಂಡತಿ ಮಾಡೋ ಸಾರು ಆಗಲ್ಲ. ನಗು, ಎಲ್ಲರದೂ, ಸಾಯ್ಕಲ್‌ದು ಎಲ್ಲರಿಗಿಂತ ಜೋರು. ಬೆಗಿಮಾಯ್ ತೋಳಿಗೆ ಪಟ್ಟಿ ಕಟ್ಟಿದಳು, ಕಣ್ಣು ಮುಚ್ಚಿದಳು, ಎರಡು ಬೆರಳಿಂದ ಸವರಿದಳು, ಹಿಟ್ಟಿನ ಕೆಳಗಿನ ದಾರ, ಆ ಬೆರಳು ಊಲ್ಕಾನಳ ಬೆರಳು, ಆ ಮುಚ್ಚಿದ ಕಣ್ಣಿನ ಮೇಲಿರುವುದು ಊಲ್ಕಾನಳ ತಲೆವಸ್ತ್ರ, ಸೂಜಿ ಒಳಗೆ ಹೋದದ್ದು ಮುದುಕನಿಗೆ ಗೊತ್ತೇ ಆಗಲಿಲ್ಲ. ಆಯ್ತಾ? ಆಗಲೇ? ಕೈಗುಣ ಮಗಳೇ, ಇದಕ್ಕೇ ಕೈಗುಣ ಅನ್ನೋದು. ಸಾಯ್ಕಲ್ ಎಲ್ಲರ ಕಡೆ ತಿರುಗಿದಳು, ನೋಡಿದ್ರಾ? ಹೆಸರು ರೋಗಿ ಬಾಯಿಂದಲೇ ಬರಿಸಿದಳು. ನೀವು ಇಂಥವರಲ್ವಾ ಅಂತ ನಾವೇ ಹೇಳಿಕೊಟ್ಟರೆ ನಮ್ಮ ಜನ ಹೂಂ ಅಂದುಬಿಡ್ತಾರೆ, ಅದಕ್ಕೇ ಅವರೇ ಹೇಳಲಿ ಅನ್ನೋದು. ಊರೂರು ತಿರುಗಿ ಇದನ್ನೇ ಬಾಯಿ ನೋಯೋ ಹಾಗೆ ಹೇಳ್ತಾ ಬಂದಿದೀನಿ ನಾನು.

ರೋಗಿ ಬಾಯಿಂದ. ಅದಾ ಆ ಪಾಠದ ಮುಂದಿನ ಭಾಗ, ಈರುಳ್ಳಿಯಲ್ಲಿ ಹೋದದ್ದು? ಕೂಗಿ ಹೇಳಬೇಕು, ಹುಚ್ಚಿ, ನಿನ್ನ ಪಾಠದಿಂದಲ್ಲ ಅದು, ಅವಳು ಏನೂ ಕಲಿತಿಲ್ಲ, ಅವಳು ಮಾವನಿಗೆ ಹೆದರಿದ್ದು, ಅಷ್ಟೇ, ಹಸಿರು ಗೇಟಿನ ಮನೆಗೆ ಹೆದರಿದ್ದು, ನಿಜವಾ ಅದು? ಕಲಿತೂ ಇರಬಹುದು, ಹೆದರಿಯೂ ಇರಬಹುದು, ಎರಡೂ ಒಟ್ಟಿಗೆ ಇರಬಾರದು ಎಂದೇನಿಲ್ಲ, ಆದರೆ ಹೇಳಬೇಕು, ಹೇಳಿದರೆ ಸಾಯ್ಕಲ್ ಕೇಳುತ್ತಾಳೆ, ಹಾಗಾದ್ರೆ ಎಜೆ, ಗೊತ್ತಿದ್ದೂ ಆ ರೋಗಿಯನ್ನ ಯಾಕೆ ಅವಳಿಗೆ ಕೊಟ್ರಿ? ಸರಿ, ನುಂಗು. ತಾನು ತೋಡಿದ ಹಳ್ಳದ ಮೇಲೆ ಅವಳು ಹಲಗೆ ಹಾಕಿಕೊಂಡು ದಾಟಿಬಿಟ್ಟಳು, ಹಲಗೆಯನ್ನೂ ತಾನೇ ಒದಗಿಸಿದ ಹಾಗಾಯಿತು. ಕಾರಿಡಾರಿನಲ್ಲಿ ಮಂದೆ ಆರನೇ ಕೋಣೆಯ ಕಡೆ ಹೊರಟಿದೆ, ಒಲೆಯ ಕಲ್ಲಿದ್ದಲ ಹೊಗೆ ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿದೆ, ಹೊರಗೆ ಬೆಟ್ಟದ ಅರ್ಧಕ್ಕೆ ಹಿಮ ಇಳಿದಿದೆ, ಯಾರೋ ಬೆಗಿಮಾಯಳ ಸೊಂಟ ಚಿವುಟಿ ಏನೋ ಪಿಸುಗುಟ್ಟಿದರು, ಅವಳು ತಡೆಯಲಾರದೆ ನಕ್ಕಳು, ತನ್ನ ಬಗ್ಗೆ, ಇನ್ಯಾರ ಬಗ್ಗೆ, ಚೀಂಯ್ ಚೀಂಯ್, ಆ ಚಪ್ಪಲಿ ಕಿತ್ತು ಒಲೆಗೆ ಹಾಕಬೇಕು. ಎಜೆ, ಈಗ ನೀವು, ಎಂದಳು ಸಾಯ್ಕಲ್. ನಾನೇ. ನಾನು ತೋರಿಸುತ್ತೇನೆ ಕೈಗುಣ ಅಂದರೆ ಏನು ಅಂತ. ಸಿರಿಂಜಿಗೆ ಇನ್ಸುಲಿನ್ ಎಳೆದಳು, ಬೆಳಕಿಗೆ ಹಿಡಿದು ಗುಳ್ಳೆ ತಟ್ಟಿದಳು, ಬೆರಳು ನಡುಗಲಿಲ್ಲ, ಈ ಬೆರಳು ಯಾವತ್ತೂ ನಡುಗಿದ್ದಲ್ಲ.

ಆರನೇ ಕೋಣೆ, ನಾಲ್ಕು ಮಂಚ, ಮುಚ್ಚಿದ ಕಿಟಕಿ, ಕುರಿಕೊಬ್ಬಿನ ಮುಲಾಮಿನ ವಾಸನೆ, ಊಲ್ಕಾನ್ ನೇರ ಒಳಗಿನ ಕೊನೆಗೆ ನಡೆದಳು, ಕಿಟಕಿ ಪಕ್ಕದ ಮಂಚ, ಮಂಚದ ಕಾಲ ಬಳಿಯ ಚೀಟಿಯಲ್ಲಿ ಬಾತ್ಮಾಕಾನ್, ದಿಂಬಿನ ಮೇಲೆ ಬಿಳಿ ತಲೆವಸ್ತ್ರ ಕಟ್ಟಿದ ಮುದುಕಿ, ಈ ಮುದುಕಿಯರೆಲ್ಲ ನೋಡಲು ಒಂದೇ ಥರ, ಎಲ್ಲ ಸರಿ, ಸಾಯ್ಕಲ್ ಎಲ್ಲಿ ನಿಂತಳು, ಬಲಕ್ಕೆ, ಬೆಗಿಮಾಯ್ ಎಲ್ಲಿ, ಬಾಗಿಲಲ್ಲಿ, ತಾನು ನಿಂತಿದ್ದ ಹಾಗೆಯೇ ಬಾಗಿಲಿಗೆ ಭುಜ ಕೊಟ್ಟು, ನೋಡು, ಚೆನ್ನಾಗಿ ನೋಡು. ಅಪಾ, ಎಂದಳು ಊಲ್ಕಾನ್, ಕಣ್ಣು ಬಾಗಿಲ ಕಡೆ, ದನಿ ಕಾರಿಡಾರಿಗೆ ಕೇಳಿಸುವಷ್ಟು, ನೀವು ಬಾತ್ಮಾಕಾನ್ ಅಪಾ ಅಲ್ವಾ? — ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು, ತಪ್ಪು ರೀತಿ ಕೇಳಿದೆ, ಆದರೆ ಈಗ ತಿದ್ದಿಕೊಂಡರೆ ಅವಳನ್ನು ನೋಡಿ ಮಾಡಿದ ಹಾಗಾಗುತ್ತದೆ, ಸತ್ತರೂ ಇಲ್ಲ. ಬಿಳಿ ತಲೆವಸ್ತ್ರ ಮೇಲೆ ಕೆಳಗೆ ಆಡಿತು. ಹೂಂ ಅಂತಲೂ ಇಲ್ಲ, ಬರೀ ತಲೆ. ಸಕ್ಕರೆ ಸೂಜಿ ತಾನೇ ಅಪಾ, ಊಟಕ್ಕೆ ಮೊದಲಿನದು? ತಲೆವಸ್ತ್ರ ಆಡಿತು, ಮೇಲೆ, ಕೆಳಗೆ, ಮೆತ್ತಗೆ, ಕಣ್ಣಲ್ಲಿ ನಗು, ಒಳ್ಳೆಯ ರೋಗಿ, ಇಂಥವರು ಬೇಕು. ತೋಳಿನ ಬಟ್ಟೆ ಸರಿಸಿದಳು, ಹತ್ತಿಯಿಂದ ಒರೆಸಿದಳು, ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಎಜೆ. ಬಾಗಿಲಿಂದ. ಎಜೆ, ನನಗೆ ಯಾಕೋ ಭಯ ಆಗ್ತಿದೆ. ಆ ವಾಕ್ಯ. ಹಿಂದಿನ ಸಾಲಿನಲ್ಲಿ ತಾನು ನಕ್ಕ ಆ ವಾಕ್ಯ, ಹತ್ತು ಜನರ ಮುಂದೆ, ತನಗೆ, ಶಿಷ್ಯೆಯ ಬಾಯಲ್ಲಿ. ಸೂಜಿಯ ಮೊನೆ ಚರ್ಮಕ್ಕೆ ತಾಗಿತ್ತು, ಒಳಗೆ ಹೋಗಿರಲಿಲ್ಲ, ಒಂದು ಕ್ಷಣ, ಆ ಒಂದು ಕ್ಷಣ ಊಲ್ಕಾನಳಿಗೆ ಚುಚ್ಚಿಬಿಡಬೇಕು ಅನ್ನಿಸಿತು, ಅವಳು ಹೇಳಿದಳು ಎಂಬ ಒಂದೇ ಕಾರಣಕ್ಕೆ ಚುಚ್ಚಿಬಿಡಬೇಕು, ಹೌದು, ಅನ್ನಿಸಿತು. ಏನು ಭಯ ನಿನಗೆ? ಎಂದಳು. ಎಜೆ, ಅವರು ಬಾತ್ಮಾಕಾನ್ ಅಪಾ ಅಲ್ಲ ಅಂತ ಕಾಣುತ್ತೆ. ಅಷ್ಟರಲ್ಲಿ ಬಾಗಿಲ ಪಕ್ಕದ ಮಂಚದಲ್ಲಿ ಕಂಬಳಿ ಅಲುಗಾಡಿತು, ಇನ್ನೊಂದು ಬಿಳಿ ತಲೆವಸ್ತ್ರ ಎದ್ದು ಕೂತಿತು, ನನ್ನ ಸೂಜಿನಾ ಮಗಳೇ? ನಾನಿಲ್ಲಿದ್ದೀನಲ್ಲ. ಆ ಜೂರಾ ನಿನ್ನೆ ಸಂಜೆ ಬಂದ್ಲು, ನನಗಿಂತ ದೊಡ್ಡೋಳು ವಯಸ್ಸಲ್ಲಿ, ಅವಳನ್ನ ಬಾಗಿಲ ಗಾಳಿಗೆ ಮಲಗಿಸಿ ನಾನು ಒಳಗೆ ಹಿರಿಯರ ಜಾಗದಲ್ಲಿ ಕಾಲು ಚಾಚಿಕೊಂಡಿರೋಕಾಗುತ್ತಾ? ಅಷ್ಟು ಮಾನಗೆಟ್ಟೋಳಾ ನಾನು? ಎಷ್ಟು ಒತ್ತಾಯ ಮಾಡಿದ ಮೇಲೆ ಒಪ್ಪಿದ್ಲು ಗೊತ್ತಾ, ಪಾಪ, ಅವಳಿಗೆ ಕಿವಿನೂ ಕೇಳಲ್ಲ, ಏನಂದ್ರೂ ತಲೆ ಆಡಿಸ್ತಾಳೆ, ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲ, ಏನೋ ಪರೀಕ್ಷೆ ಇದೆಯಂತೆ ಅವಳ ಹೊಟ್ಟೆಗೆ.

ಸಕ್ಕರೆ ಕಾಯಿಲೆಯೇ ಇಲ್ಲದ ಮುದುಕಿ, ಖಾಲಿ ಹೊಟ್ಟೆ, ಅದರ ಮೇಲೆ ಆ ಸೂಜಿ. ಪ್ರತಿಯೊಬ್ಬಳಿಗೂ ಗೊತ್ತು, ಮೊದಲು ಬೆವರು, ಆಮೇಲೆ ನಿದ್ದೆ ಬಂದ ಹಾಗೆ, ಮುದುಕಿ ಮಲಗಿದ್ದಾಳೆ ಎಂದುಕೊಂಡು ಎಲ್ಲರೂ ಊಟಕ್ಕೆ ಹೋಗುತ್ತಾರೆ, ಬಂದು 'ಅಪಾ' ಎಂದು ಅಲುಗಿಸಿದರೆ. ಊಲ್ಕಾನ್ ಸಿರಿಂಜನ್ನು ಟ್ರೇಯಲ್ಲಿಟ್ಟಳು. ಜೂರಾ ಅಪಾ ತೋಳು ಹಾಗೇ ಚಾಚಿಕೊಂಡು ಇವಳನ್ನೇ ನೋಡುತ್ತಿದ್ದಳು, ಏನೂ ಕೇಳಿಸದೆ, ನಗುತ್ತಾ, ಆಯಿತೇ ಎನ್ನುವ ಹಾಗೆ ತಲೆಯಾಡಿಸಿದಳು. ಊರಿನಲ್ಲಿ ಎಷ್ಟು ಮುದುಕಿಯರಿಲ್ಲ ಹೀಗೆ, ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಕೇಳಿದರೆ ನರ್ಸಮ್ಮನಿಗೆ ತೊಂದರೆ, ಹೂಂ ಎಂದರೆ ಎಲ್ಲರಿಗೂ ಸುಖ. ಬೈಯುತ್ತಾರೆ ಈಗ, ಬೈಯಲಿ, ಹಿಂದಿನ ಕಾಲದ ದೊಡ್ಡ ಡಾಕ್ಟರಾಗಿದ್ದರೆ ಟ್ರೇ ಎತ್ತಿ ಗೋಡೆಗೆ ಎಸೆಯುತ್ತಿದ್ದರು, ಆಗ ತಾನೂ ಕಿರುಚಬಹುದಿತ್ತು, ಮಂಚ ಬದಲಾಯಿಸಿದರೆ ಚೀಟಿ ಬದಲಾಯಿಸೋಕೆ ಏನಾಗಿತ್ತು ನಿಮಗೆ ಎಂದು ಇಡೀ ವಾರ್ಡಿನ ಮೇಲೆ ಹಾರಾಡಬಹುದಿತ್ತು. ಸಾಯ್ಕಲ್ ಬೈಯಲಿಲ್ಲ. ಯಾರ ತಪ್ಪು ಅಂತ ನಾವು ಇಲ್ಲಿ ನೋಡಲ್ಲ ಎಜೆ, ಎಂದಳು ಮೃದುವಾಗಿ, ಮಕ್ಕಳ ವಾರ್ಡಿನಲ್ಲಿ ಮಾತಾಡುವ ದನಿಯಲ್ಲಿ, ಏನೂ ಆಗಲಿಲ್ಲವಲ್ಲ, ಅದು ಮುಖ್ಯ, ನಮ್ಮಲ್ಲಿ ಒಂದೇ ನಿಯಮ, ತಪ್ಪು ಆಗೋದನ್ನ ನಿಲ್ಲಿಸಿದವರಿಗೆ, ಆ ತಪ್ಪಿನಿಂದ ಉಳಿದವರು ಉಪಕಾರ ಆಯ್ತು ಅಂತ ಒಂದು ಮಾತು ಹೇಳ್ತಾರೆ, ಈಗಲೇ ಬೇಕಂತಿಲ್ಲ, ಆಮೇಲೆ ಹೇಳಿದ್ರೂ ಸರಿ. ಬೆಗಿಮಾಯ್, ಬೇಡ, ಅದೆಲ್ಲ ಬೇಡ, ಎಜೆ ನನಗೆ ಕಲಿಸಿದೋರು, ಎಂದಳು, ಕೆನ್ನೆ ಕೆಂಪಾಗಿತ್ತು, ಕಣ್ಣಲ್ಲಿ ನೀರೂ ಇತ್ತೇನೋ, ಇದನ್ನೂ ಅವಳೇ ಗೆದ್ದಳು, ಬೇಡ ಎನ್ನುವ ದೊಡ್ಡತನವನ್ನೂ ಅವಳೇ ಬಾಚಿಕೊಂಡಳು, ಊಲ್ಕಾನಳಿಗೆ ಉಳಿದದ್ದೇನು, ಸಣ್ಣತನ, ಅದನ್ನು ಯಾರೂ ಕೇಳುವುದಿಲ್ಲ, ಅದು ಪೂರ್ತಿ ತನ್ನದೇ.

ಸಭಾಕೋಣೆಯಲ್ಲಿ ಚಹಾ, ಕರಿದ ಹಿಟ್ಟಿನ ತುಂಡುಗಳು, ಯಾರದೋ ಮನೆಯ ಕೆನೆ, ಯಾರಿಗೆ ತಂದದ್ದು ಎಂದು ಕೇಳಬೇಕಾಗಿಲ್ಲ, ಗೋಡೆಯ ಪಕ್ಕ ಅರ್ಧ ಗಂಡಸು ಬೊಂಬೆ ಬಾಯಿ ತೆರೆದುಕೊಂಡು ಬಿದ್ದಿದೆ, ಕುರ್ಚಿಗಳನ್ನು ವೃತ್ತವಾಗಿ ಹಾಕಿದ್ದಾರೆ, ಊಲ್ಕಾನಳನ್ನು ಬಾಗಿಲಿಂದ ದೂರದ ಕುರ್ಚಿಯಲ್ಲಿ ಕೂರಿಸಿದರು, ಹಿರಿಯಳಲ್ಲವೇ, ಬನ್ನಿ ಎಜೆ, ಒಳಗೆ ಬನ್ನಿ, ಮೇಲೆ ಕೂತ್ಕೊಳ್ಳಿ, ಕೈಹಿಡಿದು ಕೂರಿಸಿದವಳು ಬೆಗಿಮಾಯಳೇ. ಹಿರಿಯರ ಜಾಗ. ಆ ಜಾಗದಲ್ಲಿ ಕೂತವರಿಗೆ ಏನೂ ಕೇಳಿಸುವುದಿಲ್ಲ, ಊಲ್ಕಾನಳಿಗೂ ಅಷ್ಟಾಗಿ ಕೇಳಿಸುತ್ತಿಲ್ಲ, ಸಾಯ್ಕಲ್ ಏನೋ ಹೇಳುತ್ತಿದ್ದಾಳೆ, ಹದಿನೈದು ದಿನ, ಧೈರ್ಯ, ಒಬ್ಬರಿಗೊಬ್ಬರು, ಗುರು ನರ್ಸು ಯಾರು ಅನ್ನೋದು ಇವತ್ತು ಬೆಳಿಗ್ಗೆ ನಾವೆಲ್ಲ ಕಣ್ಣಾರೆ ನೋಡಿದೀವಿ, ನಾನು ಹೊರಗಿನೋಳು, ಆ ಹೆಸರು ನನ್ನ ಬಾಯಿಂದ ಬರೋದು ಚೆಂದ ಅಲ್ಲ, ಹಿರಿಯರು ಹೆಸರು ಹಿಡಿದು ಹರಸಬೇಕು, ಊಲ್ಕಾನ್ ಎಜೆ, ನೀವೇ. ಎಲ್ಲರೂ ಅಂಗೈ ಬಿಚ್ಚಿ ಮುಂದೆ ಹಿಡಿದರು, ಹರಕೆಯ ಮಾತು ಬೀಳಲಿ ಎಂದು, ಇಪ್ಪತ್ತು ಅಂಗೈಗಳು, ಸ್ಪಿರಿಟ್ಟಿಗೆ ಸಿಪ್ಪೆಯೆದ್ದವು, ಬೇಸಿನ್ನಿನ ತಣ್ಣೀರಿಗೆ ಬಿರಿದವು, ಊಲ್ಕಾನಳ ಅಂಗೈಯೂ ಬಿಚ್ಚಿಕೊಂಡಿತು, ಅಭ್ಯಾಸ. ಎದುರಿಗೆ ಬೆಗಿಮಾಯ್ ತಲೆ ತಗ್ಗಿಸಿದ್ದಾಳೆ. ಹೆಸರು ಹೇಳಿದರೆ ಮುಗಿಯಿತು, ಹೆಸರು, ಆಮೇಲೆ ನಿನ್ನ ದಾರಿ ತೆರೆದಿರಲಿ, ಆಮೇಲೆ ಎಲ್ಲರೂ ಆ ಅಂಗೈಯಿಂದ ಮುಖ ಸವರಿಕೊಳ್ಳುತ್ತಾರೆ, ದಿನಕ್ಕೆ ನೂರು ಸಲ ಕೂಗಿದ ಹೆಸರು, ಬಟ್ಟೆ ಒಗೆಯುವ ಕೋಣೆಗೆ ಕೇಳಿಸುವ ಹಾಗೆ ಕೂಗಿದ್ದು, ಹಿಂದಿನ ಸಾಲಿನಲ್ಲಿ ಆಡಿಕೊಂಡದ್ದು, ತುಟಿ ಸೇರಿದವು, ಸೇರಿದ್ದು ಬಿಡಲಿಲ್ಲ, ಒಳಗಿಂದ ಗಾಳಿ ಬಂದು ಹಲ್ಲಿಗೆ ತಾಗಿ ನಿಂತಿದೆ, ಅಂಗೈಗಳು ಕಾಯುತ್ತಿವೆ, ಯಾರೋ ಕೆಮ್ಮಿದರು, ಹೇಳು, ಬಾಯಿಬಿಡು, ಬೆಗಿಮಾಯ್ ತಲೆ ಎತ್ತಿದಳು, ಚಹಾ ಬಟ್ಟಲಿನ ಮೇಲಿಂದ ನೋಡಿದ ಹಾಗೆಯೇ ನೋಡುತ್ತಿದ್ದಾಳೆ, ಸಿಟ್ಟಿಲ್ಲ, ಇದ್ದಿದ್ದರೆ, ಸಾಯ್ಕಲ್ ಪಕ್ಕದಿಂದ ಬಗ್ಗಿ, ಕಿವಿಯ ಹತ್ತಿರ, ಸಹಾಯ ಮಾಡುವವಳ ಹಾಗೆ, ಬೆಗಿಮಾಯ್ ಅಲ್ವಾ ಎಜೆ? ಬೆಗಿಮಾಯ್ ತಾನೇ? — ಊಲ್ಕಾನಳ ತಲೆ ಆಡುತ್ತದೆ, ಮಾತಿಲ್ಲ, ಬರೀ ತಲೆ, ಯಾರ ಹೆಸರು ಹೇಳಿದ್ದರೂ ಆಡುತ್ತಿತ್ತು, ದಿಂಬಿನ ಮೇಲಿನ ಬಿಳಿ ತಲೆವಸ್ತ್ರ, ಚಾಚಿದ ತೋಳು, ಚರ್ಮಕ್ಕೆ ತಾಗಿದ ಮೊನೆ, ಬಿಳಿ ತಲೆವಸ್ತ್ರ, ಮೇಲೆ, ಕೆಳಗೆ, ಮೆತ್ತಗೆ, ನಗುತ್ತಾ, ಮೇಲೆ, ಕೆಳಗೆ, ಬಿಳಿ —